ನಾಲ್ಕು ದಿನ ಇದ್ದು ಹೋಗು, ತಾಯಿ

ತಾಯಿ ಗಂಗಮ್ಮ, ಈ ನಾಡಿನಲ್ಲಿ ನಿನಗೆ ಕೈಮುಗಿದವರು ಬಹುಮಟ್ಟಿಗೆ ಬೇಡಿದ್ದು ಒಂದನ್ನೇ: ಮಳೆ ಕೊಡು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮುಂಗಾರು ತಡವಾದರೆ ಹುಡುಗರು ರೊಟ್ಟಿ ಹಂಚಿನ ಮೇಲೆ ಸೆಗಣಿಯ ಗುರ್ಜಿ ಮಾಡಿ, ಗರಿಕೆ ಸಿಕ್ಕಿಸಿ, ತಲೆಯ ಮೇಲೆ ಹೊತ್ತು ಮನೆಮನೆಯ ಮುಂದೆ ನಿಲ್ಲುತ್ತಾರೆ. ಒಳಗಿನಿಂದ ಬಂದ ಅವ್ವ ಹಂಚಿನ ಮೇಲೆ ಒಂದು ತಂಬಿಗೆ ನೀರು ಸುರಿಯುತ್ತಾಳೆ. ಹೊತ್ತ ಹುಡುಗ ಗಿರಗಿರನೆ ತಿರುಗುತ್ತಾನೆ, ನೀರು ಸುತ್ತಲೂ ಸಿಡಿಯುತ್ತದೆ. ಬಯಲುಸೀಮೆಯಲ್ಲಿ ಕಪ್ಪೆಗಳಿಗೂ ಕತ್ತೆಗಳಿಗೂ ಮದುವೆ ಮಾಡುತ್ತಾರೆ. ಶೃಂಗೇರಿಯ ಹತ್ತಿರ ಕಿಗ್ಗದ ಋಷ್ಯಶೃಂಗೇಶ್ವರನಿಗೆ ಮಳೆ ಬಾರದಿದ್ದರೂ ಪೂಜೆ, ಬಂದ ಮಳೆ ಬಿಡದಿದ್ದರೂ ಪೂಜೆ. ಇದಾವುದನ್ನೂ ನಾನು ಹಗುರಾಗಿ ಕಾಣಲಾರೆ. ಬರದ ವರ್ಷದಲ್ಲಿ ಮನೆಯ ಕೊನೆಯ ಕೊಡದಿಂದ ಒಂದು ತಂಬಿಗೆ ತೆಗೆದು ಪರರ ಮಗುವಿನ ತಲೆಯ ಮೇಲೆ ಸುರಿಯುವ ಆ ಕೈಗಿಂತ ದೊಡ್ಡ ಭಕ್ತಿಯನ್ನು ನಾನು ಕಂಡಿಲ್ಲ.

ಆದರೂ ನನ್ನ ಬೇಡಿಕೆ ಬೇರೆ. ಇನ್ನೂ ಸುರಿ ಎಂದು ನಾನು ಕೇಳುವುದಿಲ್ಲ. ನೀನು ಕೊಟ್ಟದ್ದು ಕಡಿಮೆಯಲ್ಲ. ತವರಿಗೆ ಬಂದ ಮಗಳಿಗೆ ಹೇಳುವ ಮಾತನ್ನೇ ನಿನಗೆ ಹೇಳುತ್ತೇನೆ: ನಾಲ್ಕು ದಿನ ಇದ್ದು ಹೋಗು. ಇರುವುದಕ್ಕೆ ನಿನಗೊಂದು ಜಾಗ ಉಳಿಸಿಡುವ ಬುದ್ಧಿಯನ್ನು ನಮಗೆ ಕೊಡು. ಹೊರಟು ನಿಂತಾಗ ಅಡ್ಡ ಬಾರದೆ ಕಳಿಸಿಕೊಡುವ ಮನಸ್ಸನ್ನೂ ಕೊಡು.

ನಿನ್ನ ಸುತ್ತಿನ ಲೆಕ್ಕವನ್ನು ಮನುಷ್ಯ ಈಗ ತಕ್ಕಮಟ್ಟಿಗೆ ಬಲ್ಲ. ವರ್ಷಕ್ಕೆ ಕಡಲುಗಳಿಂದ ಆವಿಯಾಗಿ ಮೇಲೇಳುವ ನೀರು ನಾಲ್ಕು ಲಕ್ಷ ಘನ ಕಿಲೋಮೀಟರಿಗೂ ಹೆಚ್ಚು. ಅದರಲ್ಲಿ ಬಹುಪಾಲು ಕಡಲಿಗೇ ಮರಳಿ ಬೀಳುತ್ತದೆ. ನೆಲಕ್ಕೆ ನಿವ್ವಳವಾಗಿ ದಕ್ಕುವುದು ಸುಮಾರು 40 ಸಾವಿರ ಘನ ಕಿಲೋಮೀಟರ್. ಅಷ್ಟನ್ನೂ ನದಿಗಳು ಮತ್ತು ನೆಲದಡಿಯ ಹರಿವು ಕಡಲಿಗೆ ವಾಪಸು ಒಯ್ಯುತ್ತವೆ. ಆದರೆ ನೆಲದ ಮೇಲೆ ಬೀಳುವ ಮಳೆ ಸುಮಾರು 1.1 ಲಕ್ಷ ಘನ ಕಿಲೋಮೀಟರ್! ನಡುವಿನ ಆ 70 ಸಾವಿರವನ್ನು ನೆಲವೇ ಮೇಲಕ್ಕೆ ಕಳಿಸಿದೆ. ಕಾಡಿನ ಎಲೆ, ಗದ್ದೆಯ ಪೈರು, ಕೆರೆಯ ಮೈ, ಒದ್ದೆ ಮಣ್ಣು ಇವೆಲ್ಲ ಉಸಿರಾಡಿ ಬಿಟ್ಟ ಆವಿ ಅದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮತ್ತೆ ನೆಲದ ಮೇಲೆಯೇ ಮಳೆಯಾಗಿ ಇಳಿಯುತ್ತದೆ. ಈ ಅಂಕಿಗಳು ನನಗೆ ಜಪದ ಹಾಗೆ ಬಾಯಿಪಾಠವಾಗಿವೆ. ನೆಲದ ಮೇಲೆ ತಂಗಿದ ನೀರೇ ಇನ್ನೊಂದು ಮಳೆಗೆ ಬೀಜ ಎಂಬುದು ಇವುಗಳ ಅರ್ಥ. ನಿನ್ನನ್ನು ಇರಗೊಡದ ಊರು ಮುಂದಿನ ಊರಿನ ಮಳೆಯನ್ನೂ ಕಳೆಯುತ್ತದೆ. ಪಶ್ಚಿಮ ಘಟ್ಟದ ಕಾಡು ಬಿಟ್ಟ ಆವಿ ಗಾಳಿಯೊಡನೆ ಸಾಗಿ ತಮಿಳುನಾಡಿನ ಮುಂಗಾರಿಗೂ ಸೇರುತ್ತದೆಂದು ಹವಾಮಾನ ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದ್ದಾರೆ.

ಇನ್ನೊಂದು ಲೆಕ್ಕ. ಭೂಮಿಯ ಸುತ್ತ ಇರುವ ಗಾಳಿಯಲ್ಲಿನ ಆವಿಯೆಲ್ಲ ಒಂದೇ ಸಲಕ್ಕೆ ಸುರಿದರೆ ನಿಲ್ಲುವ ನೀರು ಸುಮಾರು 25 ಮಿಲಿಮೀಟರ್. ಆಗುಂಬೆಯಲ್ಲಿ ಆಷಾಢದ ಒಂದೇ ಬೆಳಗಿಗೆ ಅಷ್ಟು ಸುರಿದುಬಿಡುತ್ತದೆ. ಆಕಾಶದಲ್ಲಿ ನಿನಗೆ ದೊಡ್ಡ ಉಗ್ರಾಣವಿಲ್ಲ, ತಾಯಿ. ಒಂದು ಹನಿ ಅಲ್ಲಿ ಇರುವುದು ಸರಾಸರಿ ಎಂಟು ಹತ್ತು ದಿನ. ಉಗ್ರಾಣವನ್ನು ನೀನು ನೆಲದಲ್ಲಿ ಇಟ್ಟೆ. ಅದರ ಬೀಗದ ಕೈ ನಮ್ಮ ಕೈಯಲ್ಲಿದೆ.

ನೀನು ಬರುವ ದಾರಿಯನ್ನು ನೆನೆದರೇ ಮೈ ಜುಮ್ಮೆನ್ನುತ್ತದೆ. ಭೂಮಧ್ಯರೇಖೆಯ ದಕ್ಷಿಣದಲ್ಲಿ ಹೊರಟ ಗಾಳಿ ಆಫ್ರಿಕಾದ ಪೂರ್ವ ಅಂಚನ್ನು ಹಾದು, ಭೂಮಿಯ ತಿರುಗಾಟಕ್ಕೆ ಬಲಕ್ಕೆ ಬಾಗಿ, ಸೊಮಾಲಿಯಾ ಕರೆಯಿಂದ ವೇಗ ಹಿಡಿದು ಅರಬ್ಬೀ ಸಮುದ್ರವನ್ನು ದಾಟುತ್ತದೆ. ದಾಟುವಾಗ ಕಡಲಿನಿಂದ ನಿನ್ನನ್ನು ಎತ್ತಿಕೊಳ್ಳುತ್ತದೆ. ಒಂದು ಲೀಟರ್ ನೀರನ್ನು ಸೊನ್ನೆ ಡಿಗ್ರಿಯಿಂದ ಕುದಿಯುವ ಹದಕ್ಕೆ ತರಲು ಎಷ್ಟು ಶಾಖ ಬೇಕೋ ಅದರ ಐದು ಪಟ್ಟಿಗೂ ಹೆಚ್ಚು ಶಾಖ ಆ ನೀರು ಪೂರಾ ಆವಿಯಾಗಲು ಬೇಕು. ಆ ಶಾಖವನ್ನೆಲ್ಲ ಒಡಲಲ್ಲಿ ಇಟ್ಟುಕೊಂಡು ಬಂದು, ಮೋಡವಾಗುವ ಗಳಿಗೆಯಲ್ಲಿ ಗಾಳಿಗೆ ಬಿಟ್ಟುಕೊಡುತ್ತೀ. ಅದರಿಂದ ಗಾಳಿ ಇನ್ನೂ ಮೇಲೇರುತ್ತದೆ, ಕೆಳಗಿನಿಂದ ಇನ್ನಷ್ಟು ಕಡಲಗಾಳಿ ಒಳಗೆ ನುಗ್ಗುತ್ತದೆ. ಜೂನ್ ಮೊದಲ ವಾರ ಕರಾವಳಿಯಲ್ಲಿ ಬಾಗಿಲು ಬಡಿಯುವ ಆ ಗಾಳಿಯ ಬಲವೆಲ್ಲ ಸೂರ್ಯ ನಿನ್ನ ಕೈಯಲ್ಲಿ ಕೊಟ್ಟು ಕಳಿಸಿದ್ದು.

ಈ ದಾರಿಯನ್ನು ಅಳೆದವರಿಗೂ ಇಲ್ಲೇ ಒಂದು ನಮಸ್ಕಾರ ಸಲ್ಲಲಿ. ಊಟೆಗಳಿಗೂ ನದಿಗಳಿಗೂ ಕಡಲಿನಿಂದ ನೆಲದಡಿಯ ಗುಹೆಗಳ ಮೂಲಕ ನೀರು ಬರುತ್ತದೆಂದು ಯುರೋಪಿನ ಪಂಡಿತರು ಬಹುಕಾಲ ನಂಬಿದ್ದರು. 1674ರಲ್ಲಿ ಪ್ಯಾರಿಸಿನ ಪಿಯರ್ ಪೆರೊ ಎಂಬಾತ ಸೇನ್ ನದಿಯ ಮೇಲ್ಕಣಿವೆಯ ಮಳೆಯನ್ನು ಲೆಕ್ಕ ಹಾಕಿ, ಆ ನದಿಯಲ್ಲಿ ಹರಿಯುವ ನೀರಿನ ಆರು ಪಟ್ಟು ನೀರು ಮಳೆಯಾಗಿಯೇ ಬೀಳುತ್ತದೆಂದು ತೋರಿಸಿದ. ಹೊಳೆಯ ಮೂಲ ಆಕಾಶದಲ್ಲಿದೆ ಎಂಬುದಕ್ಕೆ ಅಳತೆಯ ಸಾಕ್ಷಿ ಸಿಕ್ಕಿದ್ದು ಆಗ. ಇಂದಿಗೂ ಬೆಳಗ್ಗೆ 8.30ಕ್ಕೆ ದೇಶದ ಮಳೆಮಾಪನ ಕೇಂದ್ರಗಳಲ್ಲಿ ಯಾರೋ ಒಬ್ಬರು ಬಗ್ಗಿ ಗಾಜಿನ ಅಳತೆಪಾತ್ರೆಯ ಗೀಟು ನೋಡಿ ಬರೆದುಕೊಳ್ಳುತ್ತಾರೆ. ಸುಳ್ಯ, ಪುತ್ತೂರಿನ ಕಡೆ ಅಡಿಕೆ ತೋಟದ ಕೆಲವರು ಯಾರೂ ಹೇಳದಿದ್ದರೂ ದಶಕಗಳಿಂದ ತಮ್ಮ ಅಂಗಳದ ಮಳೆಯನ್ನು ಪುಸ್ತಕದಲ್ಲಿ ಬರೆದಿಡುತ್ತ ಬಂದಿದ್ದಾರೆ. ಅವರ ಕೈಬರಹವೂ ನಿನಗೆ ಸಲ್ಲಿದ ಪೂಜೆಯೆಂದೇ ತಿಳಿ.

ಇನ್ನು ಘಟ್ಟ. ಕಡಲಿಗೆ ಬೆನ್ನು ಕೊಡದೆ ಎದೆಯೊಡ್ಡಿ ನಿಂತ 1,600 ಕಿಲೋಮೀಟರಿನ ಈ ಸಾಲು ಇಲ್ಲದಿದ್ದರೆ ನೀನು ನಮ್ಮ ತಲೆಯ ಮೇಲೆ ಹಾದು ಹೋಗುತ್ತಿದ್ದೆ. ಗೋಡೆಗೆ ಬಡಿದ ಗಾಳಿ ಏರಬೇಕು, ಏರಿದರೆ ತಣಿಯಬೇಕು, ತಣಿದರೆ ಹೊತ್ತದ್ದನ್ನು ಇಳಿಸಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,600 ಮಿಲಿಮೀಟರ್ ಇಳಿಸುತ್ತೀ. ಅಲ್ಲಿಂದ ಇನ್ನೂರು ಕಿಲೋಮೀಟರಿನೊಳಗೆ, ಬೆಟ್ಟದ ಮರೆಯಲ್ಲಿರುವ ಚಳ್ಳಕೆರೆಗೆ ಉಳಿಯುವುದು 500ರ ಆಸುಪಾಸು.

ಸಕಲೇಶಪುರದಿಂದ ಬಿಸಿಲೆ ಘಾಟಿಗೆ ಹೋಗುವ ದಾರಿಯಲ್ಲಿ, ಮಂಕನಹಳ್ಳಿಯ ಹತ್ತಿರ, ಬ್ರಿಟಿಷರ ಕಾಲದ ಒಂದು ಗುರುತುಕಲ್ಲು ಇದೆ. ಅದರ ಒಂದು ಮಗ್ಗುಲಿಗೆ ಬಿದ್ದ ಮಳೆ ಕುಮಾರಧಾರೆ ಸೇರಿ, ನೇತ್ರಾವತಿಯೊಡನೆ ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಕಾಣುತ್ತದೆ. ಇನ್ನೊಂದು ಮಗ್ಗುಲಿನದು ಹೇಮಾವತಿಯಾಗಿ, ಕಾವೇರಿಯಾಗಿ, ಮಂಡ್ಯದ ಗದ್ದೆಗಳನ್ನೂ ತಂಜಾವೂರಿನ ಗದ್ದೆಗಳನ್ನೂ ನೋಡಿಕೊಂಡು ಬಂಗಾಳ ಕೊಲ್ಲಿ ಸೇರುತ್ತದೆ. ಒಂದೇ ಮೋಡದ ಎರಡು ಹನಿಗಳ ಬಾಳನ್ನು ಅಲ್ಲಿ ಒಂದು ಗೇಣು ನೆಲ ನಿರ್ಧರಿಸುತ್ತದೆ. ಗಂಗಾಮೂಲದ ಕಡೆಯೂ ಹಾಗೆಯೇ: ತುಂಗೆ, ಭದ್ರೆ ಮೂಡಣಕ್ಕೆ, ನೇತ್ರಾವತಿ ಪಡುವಣಕ್ಕೆ. ಬೆಟ್ಟದ ನೆತ್ತಿ ಇಷ್ಟು ಸೂಕ್ಷ್ಮ. ಅಲ್ಲಿ ಒಂದು ರಸ್ತೆ ಕಡಿದರೂ, ಒಂದು ರೆಸಾರ್ಟಿಗೆ ನೆಲ ಸಮ ಮಾಡಿದರೂ ಎಲ್ಲೋ ದೂರದ ಗದ್ದೆಗೆ ಅದರ ಸುದ್ದಿ ತಲುಪುತ್ತದೆ. ಭದ್ರೆಯ ತಲೆಗಟ್ಟಿನ ಕುದುರೆಮುಖದಲ್ಲಿ ಅದಿರಿಗಾಗಿ ಬೆಟ್ಟ ಅಗೆಯುವುದು ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದವರ ಹೊಟ್ಟೆ ತಣ್ಣಗಿರಲಿ.

ತಾಯಿ, ನೀನು ಇರಲು ಬಯಸುವ ಮನೆ ಹೇಗಿರುತ್ತದೆಂದು ತಿಳಿಯಬೇಕಾದವರು ಸಿದ್ದಾಪುರದ ಕತ್ತಲೆಕಾನಿಗೆ ಹೋಗಬೇಕು. ಶರಾವತಿಯ ಕಣಿವೆಯ ಆ ಕಾಡಿನೊಳಗೆ ರಾಮಪತ್ರೆಯ ಜಾತಿಯ ಮರಗಳ ಜವುಗುಗಳಿವೆ. ಕಡುಬೇಸಿಗೆಯಲ್ಲೂ ಅಲ್ಲಿ ಕಾಲಿಟ್ಟರೆ ಪಾದ ಕಪ್ಪು ಕೆಸರಿನಲ್ಲಿ ಇಳಿಯುತ್ತದೆ. ಕೆಸರಿನಿಂದ ಮರದ ಬೇರುಗಳು ಮೊಣಕಾಲು ಮಡಿಸಿದ ಹಾಗೆ ಮೇಲೆದ್ದು, ಮತ್ತೆ ಕೆಸರಿಗೇ ಇಳಿಯುತ್ತವೆ. ನೀರು ತುಂಬಿದ ಮಣ್ಣಿನಲ್ಲಿ ಗಾಳಿಯಿಲ್ಲವಲ್ಲ, ಅವು ಹಾಗೆ ಮೇಲೆದ್ದು ಉಸಿರಾಡುತ್ತವೆ. ಬೇರುಗಳ ಸಂದಿನಲ್ಲಿ ಬೆರಳ ದಪ್ಪದ ನೀರು ಸದ್ದಿಲ್ಲದೆ ಸರಿಯುತ್ತಿರುತ್ತದೆ. ಕಂದು ಎಲೆಯೊಂದು ಅದರ ಮೇಲೆ ತೇಲಿ, ಬೇರಿಗೆ ತಾಗಿ, ನಿಂತು, ಒಂದು ಗಳಿಗೆ ಬಿಟ್ಟು ಸುತ್ತಿಕೊಂಡು ಮುಂದೆ ಹೋಗುತ್ತದೆ. ನೀನು ಅವಸರವಿಲ್ಲದೆ ಇರುವುದನ್ನು ಕಣ್ಣಾರೆ ಕಾಣಬೇಕಾದರೆ ಆ ಎಲೆಯನ್ನು ನೋಡಬೇಕು.

ಆ ಹಳ್ಳಗಳಲ್ಲಿ ಒಂದು ಕಪ್ಪೆ ಇದೆ. 2014ರಲ್ಲಿ ವಿಜ್ಞಾನಿಗಳು ಅದಕ್ಕೆ ಕುಂಬಾರ ಕಪ್ಪೆ ಎಂದೇ ಹೆಸರಿಟ್ಟರು. ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡು ಹಳ್ಳದ ತಳದಿಂದ ಮುಂಗೈಗಳಲ್ಲಿ ಕೆಸರು ಬಾಚಿ ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಆ ಕೆಸರು ಬೇಕಾದರೆ ಹಳ್ಳ ಹರಿಯುತ್ತಿರಬೇಕು, ಹಳ್ಳದ ತಳ ಹಸಿಯಾಗಿರಬೇಕು, ಮೇಲಿನ ಕಾಡು ಉಳಿದಿರಬೇಕು. ಹೆಬ್ಬೆರಳ ಗಾತ್ರದ ಜೀವಿಯ ಸಂಸಾರ ನಿನ್ನ ಸುತ್ತಿನ ಇಷ್ಟೊಂದು ಕೊಂಡಿಗಳಿಗೆ ಕಟ್ಟಿಕೊಂಡಿದೆ. ನಮ್ಮದೂ ಹಾಗೆಯೇ ಕಟ್ಟಿಕೊಂಡಿದೆ, ನಾವು ಮಾತ್ರ ಕೊಳಾಯಿ ತಿರುಗಿಸುವವರೆಗಿನ ಕೊಂಡಿಯನ್ನಷ್ಟೇ ನೋಡುತ್ತೇವೆ.

ಕಾಡು ಮಳೆಯನ್ನು ಹಿಡಿಯುವುದು ಮಂತ್ರದಿಂದಲ್ಲ. ಎಲೆಯ ಮೇಲೆ ಬಿದ್ದ ಹನಿಯ ಪೆಟ್ಟು ಮುರಿಯುತ್ತದೆ. ಕೊಂಬೆ, ಕಾಂಡಗಳ ಮೇಲಿಂದ ಅದು ಇಳಿದು ತರಗಿನ ಹಾಸಿನ ಮೇಲೆ ಬರುತ್ತದೆ. ತರಗಿನಡಿಯಲ್ಲಿ ಎರೆಹುಳು, ಗೆದ್ದಲು, ಸತ್ತ ಬೇರುಗಳು ಬಿಟ್ಟುಹೋದ ಸಾವಿರಾರು ತೂತುಗಳಿವೆ. ನೀರು ಅವುಗಳಲ್ಲಿ ಇಳಿದು ಮಣ್ಣಿನ ಕಣಕಣಕ್ಕೆ ಅಂಟಿ, ಮಿಕ್ಕದ್ದು ಜಂಬಿಟ್ಟಿಗೆಯ ಸಂದುಗಳಿಗೆ ಹೋಗಿ, ತಿಂಗಳುಗಳ ಮೇಲೆ ಕಣಿವೆಯ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ಉತ್ತರ ಕನ್ನಡದಲ್ಲಿ ಜಲವಿಜ್ಞಾನಿಗಳು ಇದನ್ನು ಅಳೆದು ನೋಡಿದ್ದಾರೆ. ಹಳೆಯ ಕಾಡಿನ ಮಣ್ಣು ನೀರು ಕುಡಿಯುವಷ್ಟು ವೇಗದಲ್ಲಿ ಬೋಳಾದ ಗುಡ್ಡದ ಮಣ್ಣು ಕುಡಿಯಲಾರದು. ಎಂಬತ್ತರ ದಶಕದಿಂದ ಗುಡ್ಡಗುಡ್ಡಕ್ಕೆ ಅಕೇಶಿಯಾ ನೆಟ್ಟೆವು. ಹಸಿರೇನೋ ಬಂತು, ಆದರೆ ನಾನಾ ಜಾತಿಯ ಮರ ಬೆಳೆದ ಕಾನಿನ ಹಳ್ಳ ಮೇ ತಿಂಗಳಿನಲ್ಲೂ ಹರಿಯುವ ಹಾಗೆ ಒಂದೇ ಜಾತಿಯ ನೆಡುತೋಪಿನ ಹಳ್ಳ ಹರಿಯದು. ಮೇಲೆ, ಬೆಟ್ಟದ ನೆತ್ತಿಯ ಹುಲ್ಲುಗಾವಲಿದೆ. ಕಡತಗಳಲ್ಲಿ ಅದನ್ನು ಪಾಳು ಎಂದು ಬರೆದ ಕಾಲವಿತ್ತು. ಆ ಹುಲ್ಲು ಮಂಜನ್ನೂ ತುಂತುರನ್ನೂ ಹಿಡಿದು ಕೆಳಗಿನ ಶೋಲಾ ಕಾಡಿಗೆ ಇಳಿಸುತ್ತದೆ. ಮರ ನೆಡುವ ಉತ್ಸಾಹದಲ್ಲಿ ಹುಲ್ಲನ್ನು ಅಗೆಯದಷ್ಟು ತಾಳ್ಮೆಯನ್ನು ನಮಗೆ ಕೊಡು.

ಬೆಟ್ಟದ ಬುಡವನ್ನು ನೇರ ಗೋಡೆಯಂತೆ ಕಡಿದು ಹೆದ್ದಾರಿ ಅಗಲ ಮಾಡಿದಾಗ, ಇಳಿಜಾರಿನಲ್ಲಿ ತೋಟ, ಮನೆ, ವಸತಿಗೃಹ ತುಂಬಿದಾಗ ಗುಡ್ಡದ ಆಸರೆ ಹೋಗುತ್ತದೆ, ಒಳಗೆ ಇಂಗಿದ ನೀರು ಹರಿಯುವ ದಾರಿಯೂ ಕೆಡುತ್ತದೆ. ಮಣ್ಣು ಭಾರವಾಗುತ್ತದೆ, ಕಣಗಳ ನಡುವಿನ ನೀರು ಅವುಗಳನ್ನು ದೂರ ತಳ್ಳುತ್ತದೆ, ಗುಡ್ಡ ತನ್ನ ಭಾರವನ್ನು ತಾನೇ ಹೊರಲಾರದೆ ಜಾರುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಹೀಗಾಯಿತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯನ್ನೂ ಅದರ ಪಕ್ಕ ಚಹಾ ಮಾರುತ್ತಿದ್ದ ಸಂಸಾರವನ್ನೂ ಗಂಗಾವಳಿಗೆ ನೂಕಿತು. ಸತ್ತವರೆಲ್ಲರಿಗೂ ನಿನ್ನ ಒಡಲಲ್ಲಿ ತಂಪು ಸಿಗಲಿ, ತಾಯಿ. ಅವರ ಸಾವನ್ನು ನಿನ್ನ ಮುನಿಸು ಎಂದು ಕರೆದು ಕೈತೊಳೆದುಕೊಳ್ಳುವ ಮಾತು ನಮ್ಮ ಬಾಯಲ್ಲಿ ಬಾರದಿರಲಿ. ಮುಂದೆ ಇಂಥ ದಿನಗಳು ಹೆಚ್ಚಲಿವೆ. ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಶೇ. 7ರಷ್ಟು ಹೆಚ್ಚು ಆವಿ ಹಿಡಿಯಬಲ್ಲದು. ಹದಿನೈದು ದಿನ ಸೋನೆ ಹಿಡಿಯುತ್ತಿದ್ದ ಮಳೆ ಈಗ ಎರಡು ದಿನಕ್ಕೆ ರಪರಪನೆ ಸುರಿದು, ಆಮೇಲೆ ಮುಖ ತೋರಿಸುವುದಿಲ್ಲ. ನಿನ್ನನ್ನು ಇರಿಸಿಕೊಳ್ಳುವ ಜಾಗ ಎಂದಿಗಿಂತ ಹೆಚ್ಚು ಬೇಕಾದ ಕಾಲದಲ್ಲಿಯೇ ನಾವು ಅದನ್ನು ಕಳೆಯುತ್ತಿದ್ದೇವೆ.

ಬಯಲುಸೀಮೆಯ ಪರವಾಗಿ ಒಂದು ಮಾತು. ಮಳೆ ಕಡಿಮೆಯೆಂದು ಅಲ್ಲಿಯವರು ಹಲುಬುವುದು ನಿಜ. ಆದರೆ ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೂ ಅದು ಸುಮಾರು 4,000 ಲೀಟರ್. 500 ಮಿಲಿಮೀಟರ್ ಬೀಳುವ ಊರಿನ ಬಡವನ ಒಂದೆಕರೆಗೂ ನೀನು ವರ್ಷಕ್ಕೆ 20 ಲಕ್ಷ ಲೀಟರ್ ನೀಡುತ್ತೀ. ಹಿಂದಿನವರು ಈ ಲೆಕ್ಕವನ್ನು ಅಂಕಿಯಲ್ಲಿ ಬರೆಯದಿದ್ದರೂ ಏರಿಯಲ್ಲಿ ಬರೆದರು. ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಮೇಲಿನ ಕೆರೆಯ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು, ಅದರ ಕೋಡಿ ಅದರ ಕೆಳಗಿನದಕ್ಕೆ. ತೂಬು ಎತ್ತಿ, ಅಚ್ಚುಕಟ್ಟಿಗೆ ಸರದಿಯಂತೆ ನೀರು ಬಿಡಲು ನೀರುಗಂಟಿ. ಬೇಸಿಗೆಯಲ್ಲಿ ಕೆರೆಯ ಗೋಡು ಎತ್ತಿ ಗಾಡಿಯಲ್ಲಿ ಹೊಲಕ್ಕೆ. ಹೊಲಕ್ಕೆ ಸಾರ, ಕೆರೆಗೆ ಆಳ.

ವಿಜಯನಗರದ ರಾಜಕುಮಾರ ಭಾಸ್ಕರ ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಗೆ 1369ರ ಶಾಸನವೊಂದಿದೆ. ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಬರಬಾರದ ಆರು ದೋಷಗಳನ್ನೂ ಅದು ಹೇಳುತ್ತದೆ. ಏರಿ ಸೋರುವುದು ದೋಷ, ಚೌಳು ನೆಲ ದೋಷ, ನೀರು ಕಡಿಮೆಯಿದ್ದು ನೆಲ ಹೆಚ್ಚಿದ್ದರೂ ದೋಷ, ನೀರು ಹೆಚ್ಚಿದ್ದು ನೆಲ ಕಡಿಮೆಯಿದ್ದರೂ ದೋಷ. ಎರಡು ರಾಜ್ಯಗಳ ಗಡಿಯಲ್ಲಿರುವುದೂ ಒಂದು ದೋಷ! ಆರೂವರೆ ಶತಮಾನದ ಹಿಂದೆ ಆ ಸಾಲು ಬರೆದವನು ನಮ್ಮ ನದಿ ವ್ಯಾಜ್ಯಗಳನ್ನು ಕಂಡಿರಲಿಲ್ಲ. ನೀನು ಗಡಿ ಅರಿಯೆ ಎಂಬುದನ್ನು ಮಾತ್ರ ಚೆನ್ನಾಗಿ ಬಲ್ಲವನಾಗಿದ್ದ.

ತುಮಕೂರು ಜಿಲ್ಲೆಯ ಮಧುಗಿರಿ, ಪಾವಗಡ, ಕೊರಟಗೆರೆ ಕಡೆಯ ತಲಪರಿಗೆಗಳನ್ನು ನೆನೆದರೆ ನನ್ನ ಗಂಟಲು ಕಟ್ಟುತ್ತದೆ. ಹಳ್ಳದ ದಂಡೆಯ ಮರಳುನೆಲದಲ್ಲಿ ಆಳವಿಲ್ಲದ ಒಂದು ಗುಂಡಿ, ಸುತ್ತ ಕಲ್ಲು ಕಟ್ಟಿರುತ್ತಾರೆ. ಬಗ್ಗಿ ನೋಡಿದರೆ ತಳ ನಿಚ್ಚಳವಾಗಿ ಕಾಣುತ್ತದೆ. ತಳದಲ್ಲಿ ಒಂದೆಡೆ ಮರಳಿನ ಕಾಳುಗಳು ಮೇಲೆದ್ದು, ಕುಣಿದು, ಮತ್ತೆ ಕೂರುತ್ತಿರುತ್ತವೆ. ಅಲ್ಲಿ ನೀನು ಉಕ್ಕುತ್ತಿದ್ದೀ ಎಂದು ಅರ್ಥ. ಗುಂಡಿಯಿಂದ ಹೊರಟ ಮೊಳದಗಲದ ಕಾಲುವೆ ಗದ್ದೆಗೆ, ಅಡಿಕೆಗೆ, ತೆಂಗಿಗೆ ಹೋಗುತ್ತಿತ್ತು. ಇಂತಿಷ್ಟು ಹೊತ್ತು ಇಂಥವರಿಗೆ ಎಂದು ಸರದಿ. ವರ್ಷಕ್ಕೊಮ್ಮೆ ಹಕ್ಕುದಾರರೆಲ್ಲ ಸೇರಿ ಹೂಳು ತೆಗೆದು ನಿನಗೆ ಪೂಜೆ ಮಾಡುತ್ತಿದ್ದರು. ಮೋಟಾರಿಲ್ಲ, ಕರೆಂಟಿಲ್ಲ. ಮೇಲಿನ ಕೆರೆಯಲ್ಲಿ, ಹಳ್ಳದ ಮರಳಿನಲ್ಲಿ ಇಂಗಿದ ನೀರು ತನ್ನ ಪಾಡಿಗೆ ತಾನು ಅಲ್ಲಿ ಬಂದು ಏಳುತ್ತಿತ್ತು. ಆಮೇಲೆ ಲಾರಿಗಳು ಮರಳು ಒಯ್ದವು, ಕೊಳವೆಬಾವಿಗಳು ಕೆಳಗಿನಿಂದ ಎಳೆದವು. ಬಹಳಷ್ಟು ತಲಪರಿಗೆಗಳಲ್ಲಿ ಮರಳಿನ ಕಾಳು ಈಗ ಕದಲುವುದಿಲ್ಲ. ಉಳಿದಿರುವ ಕೆಲವನ್ನು ಕಾಯುತ್ತಿರುವವರ ಕೈಗೆ ಬಲ ಕೊಡು.

ದಕ್ಷಿಣ ಕನ್ನಡದ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರನ್ನೂ ಇಲ್ಲಿ ನೆನೆಯುತ್ತೇನೆ. ಬೋಳುಗುಡ್ಡದ ಮುರಕಲ್ಲಿನಲ್ಲಿ ಒಬ್ಬರೇ ಅಡ್ಡಡ್ಡ ಸುರಂಗ ಕೊರೆದರು. ಒಂದರ ಹಿಂದೊಂದು ಬರಿದಾಗಿ ಉಳಿದರೂ ಕೈಬಿಡದೆ ಮುಂದಿನದರಲ್ಲಿ ನಿನ್ನನ್ನು ಕಂಡು ಅಡಿಕೆ ತೋಟ ಮಾಡಿದರು. ದೇಶ 2022ರಲ್ಲಿ ಅವರಿಗೆ ಪದ್ಮಶ್ರೀ ಕೊಟ್ಟಿತು. ಸುರಂಗ ಗುಡ್ಡದೊಳಗಿನ ನೀರನ್ನು ಕಿತ್ತು ತರುವುದಿಲ್ಲ. ತಾನಾಗಿ ಒಸರಿದ್ದಷ್ಟನ್ನು ಅಂಗಳಕ್ಕೆ ಕರೆತರುತ್ತದೆ. ನಿನ್ನಿಂದ ಪಡೆಯುವ ರೀತಿಗಳಲ್ಲಿ ಇದಕ್ಕಿಂತ ಸಭ್ಯವಾದದ್ದು ನನಗೆ ಕಾಣದು.

ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಕೊಳವೆಬಾವಿ ಸಾವಿರ, ಸಾವಿರದೈನೂರು ಅಡಿಗೆ ಇಳಿದಿದೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ತಲೆಯೆತ್ತಿರುವ, ಸುಮಾರು 300 ಕೋಟಿ ವರ್ಷ ಹಳೆಯ ಬಂಡೆಯೇ ಈ ಸೀಮೆಯ ಕೆಳಗೂ ಹಾಸಿದೆ. ಗಟ್ಟಿ ಬಂಡೆಯಲ್ಲಿ ನಿನಗೆ ಜಾಗವಿರುವುದು ಬಿರುಕುಗಳಲ್ಲಿ ಮಾತ್ರ, ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ. ಅಲ್ಲಿ ಬಹುಕಾಲ ಬಂಡೆಯೊಡನೆ ಇದ್ದ ನೀರು ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಅದನ್ನು ಕುಡಿದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಹಿರಿಯರ ಮೂಳೆ ಬಾಗುತ್ತದೆ. ಸಾಲ ಮಾಡಿ ಕೊರೆಸಿ, ಬರೀ ದೂಳು ಕಂಡ ರೈತನನ್ನು ಬೈಯಲು ನನಗೆ ಬಾಯಿ ಬಾರದು. ಅವನ ಮೇಲಿನ ಕೆರೆಯ ರಾಜಕಾಲುವೆ ಮುಚ್ಚಿದವರು ಬೇರೆ. ಅವನಿಗೆ ನೆಮ್ಮದಿ ಕೊಡು.

ನಗರದ ಸಂಗತಿಯನ್ನು ಚಿಕ್ಕದಾಗಿ ಹೇಳುತ್ತೇನೆ. ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಪಂಪು ಹಚ್ಚಿ ಸುಮಾರು 500 ಮೀಟರ್ ಎತ್ತಿ, ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ತರುತ್ತೇವೆ. ಬಳಸಿ ಬಿಟ್ಟ ನೀರನ್ನು 2018ರಿಂದ ಎರಡು ಹಂತಗಳಲ್ಲಿ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಕಳಿಸಲಾಗುತ್ತಿದೆ. ಒಣಗಿದ್ದ ಕೆರೆಗಳು ತುಂಬಿವೆ, ಸುತ್ತಲಿನ ಬಾವಿಗಳ ಮಟ್ಟ ಏರಿದೆ. ಅದೇ ಹೊತ್ತಿಗೆ ಮೂರನೆಯ ಹಂತದ ಸಂಸ್ಕರಣೆಯೂ ಆಗಲಿ ಎಂದು ಅಲ್ಲಿನ ರೈತರು ಕೇಳುತ್ತಲೇ ಇದ್ದಾರೆ. ಅವರು ಕೇಳುವುದು ನ್ಯಾಯ. ಮಹಾನಗರ ಮೈತೊಳೆದ ನೀರನ್ನು ಹಳ್ಳಿಯ ಕೆರೆಗೆ ಕೊಡುವಾಗ ತಾನು ಕುಡಿಯಲು ಒಪ್ಪುವಷ್ಟು ತಿಳಿಯಾಗಿಸಿ ಕೊಡಬೇಕು. ಆ ಕೆರೆಯ ತಳದಿಂದ ಇಂಗಿದ್ದು ನಾಳೆ ಯಾರದೋ ಬಾವಿಗೆ ಹೋಗುತ್ತದೆ.

ಈಗ ನನ್ನ ಬೇಡಿಕೆಯ ಎರಡನೆಯ ಭಾಗ, ಕಳಿಸಿಕೊಡುವುದು. ಸಮುದ್ರಕ್ಕೆ ಹರಿದು ವ್ಯರ್ಥವಾಗುವ ನೀರು ಎಂಬ ಮಾತನ್ನು ಸಭೆಗಳಲ್ಲಿ, ವರದಿಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಪಡುವಣಕ್ಕೆ ಹರಿಯುವ ಎತ್ತಿನಹೊಳೆಯಿಂದ 24 ಟಿಎಂಸಿ (ಶತಕೋಟಿ ಘನ ಅಡಿ) ನೀರನ್ನು ಮೂಡಣಕ್ಕೆ ತಿರುಗಿಸುವ ಯೋಜನೆಯ ಹಿಂದೆಯೂ ಆ ಮಾತಿದೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ, ಅದಕ್ಕೆ ಉತ್ತರ ಬೇಕೇ ಬೇಕು. ಆದರೆ ವ್ಯರ್ಥ ಎಂಬುದು ಸುಳ್ಳು, ತಾಯಿ. ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಅಣೆಕಟ್ಟಿಲ್ಲದೆ ಕುಮಟೆಯಲ್ಲಿ ಕಡಲು ಸೇರುವ ಅಘನಾಶಿನಿಯ ಅಳಿವೆಗೆ ಹೋಗಿ ನೋಡಿದವರು ಹಾಗೆ ಹೇಳಲಾರರು. ಸಿಹಿನೀರೂ ಉಬ್ಬರದ ಉಪ್ಪುನೀರೂ ಬೆರೆಯುವ ಆ ಜಾಗದಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಬುಟ್ಟಿ ಹಿಡಿದು ಕೆಸರಿಗಿಳಿದು ಬಳಚು ಎಂಬ ಚಿಪ್ಪುಜೀವಿ ಹೆಕ್ಕುತ್ತಾರೆ. ಕಾಂಡ್ಲಾ ಗಿಡಗಳ ಬೇರಿನಲ್ಲಿ ಮೀನು ಮರಿ ಮಾಡುತ್ತದೆ. ಗಜನಿ ಗದ್ದೆಗಳಲ್ಲಿ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಬೆಟ್ಟದ ಮಣ್ಣು, ಕಾಡಿನ ಎಲೆಯ ಸಾರ ಇವನ್ನೆಲ್ಲ ನೀನು ಹೊತ್ತು ತಂದು ಕೊಡುವುದರಿಂದ ಇಷ್ಟು ಜೀವ. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗುನೆಲಗಳನ್ನು ಗುರುತಿಸುವ ರಾಮ್ಸರ್ ಪಟ್ಟಿಗೆ ಸೇರಿತು. ಪಕ್ಕದ ಶರಾವತಿಯಲ್ಲಿ ವಿದ್ಯುತ್ ಕೇಂದ್ರಗಳಿಂದ ವರ್ಷವಿಡೀ ಸಿಹಿನೀರು ಬರತೊಡಗಿದ ಮೇಲೆ ಅಳಿವೆಯ ಉಪ್ಪಿನ ಹದ ತಪ್ಪಿ, ಚಿಪ್ಪುಗಳನ್ನು ಹೆಕ್ಕಿ ಬದುಕುತ್ತಿದ್ದವರ ಕಸುಬು ಕುಸಿಯಿತು. ನಿನ್ನನ್ನು ತಡೆದರೂ ಕೇಡು, ಅಕಾಲದಲ್ಲಿ ಬಿಟ್ಟರೂ ಕೇಡು. ಕಾಲ ಬಂದಾಗ ನೀನು ಕಡಲಿಗೆ ಹೋಗಬೇಕು. ಹೋದರೆ ತಾನೆ ಮತ್ತೆ ಬರುವುದು.

ರೋಹಿಣಿಯಾಗಿ ಬಾ, ಮೃಗಶಿರವಾಗಿ ಬಾ. ಆರಿದ್ರೆಯಲ್ಲಿ ಸಸಿಮಡಿಗೆ, ಪುನರ್ವಸು, ಪುಷ್ಯದಲ್ಲಿ ನಾಟಿಯ ಗದ್ದೆಗೆ, ಆಶ್ಲೇಷದಲ್ಲಿ ಬಾವಿಯ ಒರತೆಗೆ ಬಾ. ಮಘೆ, ಹುಬ್ಬೆ, ಉತ್ತರೆಯಲ್ಲಿ ಬಯಲಿನ ಕೆರೆಗಳ ಕೋಡಿ ಬೀಳುವಂತೆ ಬಾ. ಹಸ್ತ, ಚಿತ್ತೆಯಲ್ಲಿ ರಾಗಿಗೆ, ಸ್ವಾತಿಯಲ್ಲಿ ಕಡಲೆ ಹೊಲಕ್ಕೆ ಒಂದು ಹದ ಕೊಟ್ಟು ಹೋಗು. ಬಂದಾಗಲೆಲ್ಲ ನಿನ್ನ ಕಾಲಿಗೆ ಮೊದಲು ಸಿಗುವುದು ಕಾಂಕ್ರೀಟ್ ಆಗದೆ ಮಣ್ಣೇ ಆಗಿರಲಿ. ನೀನು ನಡೆದ ಹಳೆಯ ದಾರಿಗಳ ಮೇಲೆ ನಿವೇಶನ ಹಂಚುವ ಕೈಗಳನ್ನು ತಡೆ. ಕಾನು, ಜವುಗು, ಹುಲ್ಲುಗಾವಲು, ಕೆರೆ, ಕಲ್ಯಾಣಿ, ತಲಪರಿಗೆ, ಅಳಿವೆ ಇವೆಲ್ಲ ನಿನ್ನ ಮನೆಗಳೆಂದು ನಮ್ಮ ಮಕ್ಕಳಿಗೆ ಹೆಸರು ಹಿಡಿದು ಹೇಳಿಕೊಡುವ ನಾಲಗೆಯನ್ನು ನಮಗೆ ಕೊಡು.

ಇದನ್ನು ಓದುತ್ತಿರುವವರಲ್ಲಿಯೂ ಒಂದು ಬಿನ್ನಹ. ನಿಮ್ಮೂರಿನ, ಇಲ್ಲವೇ ನಿಮ್ಮ ಬಡಾವಣೆಯ ಕೆರೆಗೆ ನೀರು ತರುವ ಕಾಲುವೆ ಎಲ್ಲಿಂದ ಹೊರಡುತ್ತದೆಂದು ಈ ಬೇಸಿಗೆಯಲ್ಲಿ ಒಮ್ಮೆ ನಡೆದು ನೋಡಿ. ಎಲ್ಲಿ ಕಟ್ಟಿಕೊಂಡಿದೆ, ಯಾರು ಮುಚ್ಚಿದ್ದಾರೆ ಎಂದು ಬರೆದುಕೊಳ್ಳಿ. ಪಂಚಾಯತಿಗೋ ಪಾಲಿಕೆಗೋ ಅರ್ಜಿ ಕೊಡಿ, ನಾಲ್ಕು ಜನ ಸೇರಿದರೆ ಮುಗಿಯುವ ಕೆಲಸವಾಗಿದ್ದರೆ ಗುದ್ದಲಿ ಹಿಡಿದು ಬಾಯಿ ಬಿಡಿಸಿ. ಮೃಗಶಿರ ಮಳೆ ಹುಟ್ಟುವುದು ಜೂನ್ ಎರಡನೆಯ ವಾರ. ಅದಕ್ಕೆ ಮೊದಲು ಆಗಬೇಕು.